ವಿವರಿಸಿರಿ

ತುಳಸಿಗೇರಿ ಹೈಸ್ಕೂಲು, ಒಂಬತ್ತನೇ ಇಯತ್ತೆ,
ಬಿಸಿಯೂಟದ ನಂತರದ ತೂಕಡಿಕೆಯ ಪಿರಿಯಡ್ಡು.
ಬೋರ್ಡಿನ ಮೇಲೆ ಬರೆದೆ:
ರಾಷ್ಟ್ರೀಯ ಅಸ್ಮಿತೆ ಎಂದರೇನು? ವಿವರಿಸಿರಿ.
'ಅಸ್ಮಿತೆ' ಬರೆಯುವಾಗ ಸೀಮೆಸುಣ್ಣ ಮುರಿಯಿತು.
ಯಾರೂ ನಗಲಿಲ್ಲ. ಅದೂ ಪಾಠದೊಳಗಿನದೇ ಅಂದುಕೊಂಡರೇನೋ.

ಮೊದಲ ಸುತ್ತಿಗೆ ಮೂವತ್ತೆಂಟು ಹಾಳೆ.
ಮೂವತ್ತೆಂಟರಲ್ಲೂ ವಿವಿಧತೆಯಲ್ಲಿ ಏಕತೆ,
ಮೂವತ್ತೊಂದರಲ್ಲಿ ಹಿಮಾಲಯ.
ಹಿಮ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ, ನಾನೂ ಸೇರಿ,
ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಂಡದ್ದು ಬಿಟ್ಟರೆ.
ಭಾಷಣ ಚೆನ್ನಾಗಿದೆ ಅಂದೆ, ವಿವರಣೆ ಎಲ್ಲಿ?
ಹೊಗಳುವುದು ಬೇರೆ, ಬಿಡಿಸಿ ಹೇಳುವುದು ಬೇರೆ.
ಪಂಕ್ಚರ್ ತೆಗೆಯುವವನು ಟ್ಯೂಬನ್ನು ಹೊಗಳುತ್ತ ಕೂಡುವುದಿಲ್ಲ,
ಬೋಗುಣಿಯ ನೀರಲ್ಲಿ ಅದ್ದಿ
ಗುಳ್ಳೆ ಎಲ್ಲಿ ಏಳುತ್ತದೆ ನೋಡುತ್ತಾನೆ.

ಕೆಂಪು ಮಸಿಯಲ್ಲಿ 'ಮಹಾನ್' ಹೊಡೆದೆ, 'ಪವಿತ್ರ' ಹೊಡೆದೆ,
ಹೆಚ್ಚು ಹೊಡೆದೆನೇನೋ ಎಂದು
ಒಂದೆರಡನ್ನು ವಾಪಸು ಬರೆದುಕೊಟ್ಟೆ.
ಅಂಜಿಕೆಯೂ ಇತ್ತು ಅನ್ನಿ.
ಹಾಳೆ ಮನೆಗೆ ಹೋಗುತ್ತದೆ, ಮನೆಯಿಂದ ಕಟ್ಟೆಗೆ,
ಕಟ್ಟೆಯಿಂದ ಇನ್ನೆಲ್ಲಿಗೋ.

ಬಸಲಿಂಗ ದಳವಾಯಿ ಎದ್ದು ನಿಂತ:
"ಟೀಚರ್, ನೀವ ಒಂದ್ ಸಲ ಬರದ್ ತೋರಸ್ರಿ."
'ನಾನು' ಎಂದು ಸುರು ಮಾಡಿ ಅಳಿಸಿದೆ.
'ನಾವು' ಎಂದು ಬರೆದು ನಿಂತೆ.
ಬೆನ್ನಿಗೆ ಎಪ್ಪತ್ತಾರು ಕಣ್ಣು.
ಅಷ್ಟರಲ್ಲಿ ಕರೆಂಟು ಹೋಯಿತು, ಫ್ಯಾನು ನಿಂತು ಎಲ್ಲರೂ ಹೋ ಅಂದರು.
ನಾನೂ ಅಂದೆ.

ಎರಡನೇ ಸುತ್ತಿಗೆ ಕರಾರು ಇಷ್ಟೇ:
ಮುಟ್ಟಿದ್ದನ್ನು ಬರೆಯಿರಿ, ಕೇಳಿ ಬರೆಯಿರಿ,
ಗೊತ್ತಿರದ ಕಡೆ ಗೊತ್ತಿಲ್ಲ ಅನ್ನಿರಿ.

ರಾಜೇಸಾಬ ನದಾಫ ಬರೆದದ್ದು:
"ನಮ್ಮಪ್ಪನ ಲಾರಿಯ ನೆತ್ತಿಯ ಮೇಲೆ ನ್ಯಾಷನಲ್ ಪರ್ಮಿಟ್ ಎಂದಿದೆ.
ಅದಿದ್ದರೆ ಲೋಕಾಪುರದ ಸಿಮೆಂಟು ಯಾವ ರಾಜ್ಯಕ್ಕೂ ಹೋಗಬಹುದು.
ಪರ್ಮಿಟ್ಟು ಲಾರಿಗೆ.
ಡ್ರೈವರನಿಗೆ ಎಲ್ಲ ನಾಕಾದಲ್ಲೂ ಹೆಸರು ಕೇಳುತ್ತಾರೆ."
ಅಡಿಯಲ್ಲಿ ಲಾರಿಯ ಚಿತ್ರ. ಕಾಣುವ ಕಡೆಯ ಗಾಲಿ ಮಾತ್ರ.

ಶಿವಲೀಲಾ ಮುಗಳೊಳ್ಳಿಯದು ಮೂರು ಪುಟ.
ಅವಳವ್ವ ಖಾದಿ ಕೇಂದ್ರದಲ್ಲಿ ಧ್ವಜದ ಬಟ್ಟೆ ನೇಯುವಾಕೆ.
"ನಮ್ಮವ್ವ ನೇಯುವುದು ಬರೀ ಬಿಳಿ.
ಬಣ್ಣ ನಮ್ಮೂರಲ್ಲಿ ಹಾಕುವುದಿಲ್ಲ, ಹುಬ್ಬಳ್ಳಿಯಲ್ಲಿ.
ಎಳೆ ಹರಿದರೆ ಮಗ್ಗ ನಿಲ್ಲಿಸಿ,
ಬೆರಳಿಗೆ ಉಗುಳು ಹಚ್ಚಿಕೊಂಡು ಹೊಸೆದು ಕೂಡಿಸಬೇಕು.
ಕಾಲಿನಿಂದ ತುಳಿಯದೆ ಈ ಬಟ್ಟೆ ಆಗುವುದಿಲ್ಲ.
ಎಳೆಗಳ ಎನಿಕೆ ತಪ್ಪಿದರೆ ಧ್ವಜಕ್ಕೆ ನಡೆಯುವುದಿಲ್ಲ,
ಆದರೂ ಅದು ಬಟ್ಟೆಯೇ, ಕೂಲಿ ಮಾತ್ರ ಮುರಿಯುತ್ತದೆ.
ಇದು ಧ್ವಜ ಆಗೂದು ಯಾವಾಗ ಎಂದು ಅವ್ವನನ್ನು ಕೇಳಿದೆ.
ನನ್ನ ಕೈಯಾಗ ಇರೂತನಕಾ ಅರಿವೀನ ಐತಿ, ಮುಂದಿನವ್ರನ್ನ ಕೇಳು ಅಂದಳು.
ಮುಂದಿನವರು ಯಾರು, ಬಣ್ಣದವರೋ,
ಚಕ್ರ ಒತ್ತುವವರೋ, ಹಗ್ಗ ಜಗ್ಗುವವರೋ,
ನನಗೆ ಗೊತ್ತಿಲ್ಲ."

ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರವಿ
'ಉಗುಳು' ಎಂಬ ಶಬ್ದದ ಮೇಲೆ ಪೆನ್ನು ಹಿಡಿದು ನಿಂತೆ.
ತಾಲೂಕು ಸ್ಪರ್ಧೆಗೆ ಹೋಗುವ ಹಾಳೆ ಇದು.
ಓದುವವರು ಯಾರೋ, ಯಾವ ಗಳಿಗೆಯಲ್ಲಿ ಓದುತ್ತಾರೋ.
'ನೀರು' ಎಂದು ತಿದ್ದಿದರೆ ಯಾರಿಗೇನು ನಷ್ಟ?
ಹಾಲು ಉಕ್ಕಿತು. ಒಲೆ ಆರಿಸಿದೆ. ತಿದ್ದಿರಲಿಲ್ಲ.

ಮರುದಿನ ಕಾರಿಡಾರಿನಲ್ಲಿ ಅವಳನ್ನೇ ಕೇಳಿದೆ,
ನೀರು ಅಂತ ಬರೆದರೆ ನಡೆಯುತ್ತದೇನೇ?
ಹುಡುಗಿ ನನ್ನನ್ನು ನೋಡಿದ್ದು
ಲೆಕ್ಕ ಬಾರದ ತಂಗಿಯನ್ನು ನೋಡುವ ಹಾಗೆ.
"ನೀರ್ ಹಚ್ಚಿದ್ರ ಎಳಿ ಜಾರತೈತ್ರಿ, ಟೀಚರ್."

ಹಾಳೆ ಹಾಗೆಯೇ ಹೋಯಿತು, ತಾಲೂಕಿಗೆ.
ನನ್ನ ಪಟ್ಟಿಯಲ್ಲಿ ಅವಳಿಗೆ ಹತ್ತಕ್ಕೆ ಒಂಬತ್ತು.
ಒಂದು ಹೋದದ್ದು
ಎಣಿಕೆಯನ್ನು ಎನಿಕೆ ಎಂದು ಬರೆದದ್ದಕ್ಕೆ.